ಎರಡು ಅಂಕದ ಪಟ್ಟ, ನೂರು ಕೋಟಿಯ ಏಣಿ

ಲ್ಯಾಂಡೊ ನಾರಿಸ್ 423, ಮ್ಯಾಕ್ಸ್ ವೆರ್‌ಸ್ಟಾಪೆನ್ 421, ಆಸ್ಕರ್ ಪಿಯಾಸ್ಟ್ರಿ 410. 2025ರ ಡಿಸೆಂಬರ್ 7ರಂದು ಅಬುಧಾಬಿಯಲ್ಲಿ ಫಾರ್ಮುಲಾ 1 ಋತು ಮುಗಿದಾಗ ಪಟ್ಟಿಯ ಮೇಲ್ತುದಿಯಲ್ಲಿದ್ದ ಅಂಕಗಳಿವು. 24 ರೇಸು, ಆರು ಸ್ಪ್ರಿಂಟು ಎಂಬ ಚಿಕ್ಕ ರೇಸು ಓಡಿದ ಮೇಲೆ ಚಾಂಪಿಯನ್ ಗೆದ್ದದ್ದು ಎರಡೇ ಅಂಕದಿಂದ. ಆಗಸ್ಟ್ ಕೊನೆಗೆ ನೆದರ್ಲೆಂಡ್ಸ್ ರೇಸು ಮುಗಿದಾಗ ವೆರ್‌ಸ್ಟಾಪೆನ್ ಅಗ್ರಸ್ಥಾನಕ್ಕಿಂತ 104 ಅಂಕ ಹಿಂದಿದ್ದರು. ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಮೆಕ್‌ಲಾರೆನ್ ತಂಡದ ಎರಡೂ ಕಾರುಗಳು ಅನರ್ಹವಾದವು. ಕಾರಿನ ಅಡಿಹಲಗೆ ಕನಿಷ್ಠ 9 ಮಿಲಿಮೀಟರ್ ದಪ್ಪ ಉಳಿದಿರಬೇಕು, ಅದು ಅದಕ್ಕಿಂತ ಚೂರು ಹೆಚ್ಚು ಸವೆದಿತ್ತು. ನಾರಿಸ್‌ಗೆ 18 ಅಂಕ, ಪಿಯಾಸ್ಟ್ರಿಗೆ 12 ಅಂಕ ಅಲ್ಲೇ ಹೋಯಿತು. ಇಂಥ ಋತುವನ್ನು ಮೊದಲಿನಿಂದ ಕೊನೆಯ ತನಕ ಬಿಡದೆ ನೋಡಿದವರು ನಮ್ಮ ಕರಾವಳಿಯ ತ್ರಾಸಿ, ಗಂಗೊಳ್ಳಿ, ಮರವಂತೆ ಕಡೆಯಲ್ಲೂ ಇದ್ದಾರೆ. ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿರುವ ಈ ಒಂಟಿ ಸೀಟಿನ ಕಾರುಗಳ ಆಟ ಅವರಿಗೆ ಎಷ್ಟಕ್ಕೆ ಬೀಳುತ್ತದೆ, ಅದನ್ನು ಓಡಿಸಹೊರಟ ಹುಡುಗನಿಗೆ ಎಷ್ಟಕ್ಕೆ ಬೀಳುತ್ತದೆ ಎಂದು ಲೆಕ್ಕ ಹಾಕಿದರೆ ಸಿಗುವ ಅಂತರ ದೊಡ್ಡದು.

ನೋಡುವವನ ಲೆಕ್ಕದಲ್ಲಿ ಹಣಕ್ಕಿಂತ ಮೊದಲು ಬರುವುದು ಹೊತ್ತು. 2025ರ 24 ರೇಸುಗಳಲ್ಲಿ ಒಂಬತ್ತು ಶುರುವಾದದ್ದು ನಮ್ಮ ಗಡಿಯಾರದ ಸಂಜೆ 6:30ಕ್ಕೆ. ಯುರೋಪಿನವು ಎಂಟು, ಅಬುಧಾಬಿ ಒಂದು. ಬ್ರಿಟನ್ 7:30ಕ್ಕೆ, ಬಹರೈನ್ 8:30ಕ್ಕೆ, ಕತಾರ್ 9:30ಕ್ಕೆ. ಸೌದಿ ಮತ್ತು ಬ್ರೆಜಿಲ್ ರಾತ್ರಿ 10:30ಕ್ಕೆ, ಕೆನಡಾ 11:30ಕ್ಕೆ. ಆಸ್ಟ್ರೇಲಿಯಾ, ಜಪಾನ್, ಲಾಸ್ ವೇಗಸ್ ಬೆಳಿಗ್ಗೆ ಕಾಫಿಯ ಹೊತ್ತಿಗೆ, ಚೀನಾ ಮಧ್ಯಾಹ್ನಕ್ಕೆ, ಬಾಕು, ಸಿಂಗಪುರ ಸಂಜೆಗೆ. ನಿಜವಾಗಿ ನಿದ್ದೆ ಕೆಡಿಸಿದ್ದು ಮೂರೇ. ಆಸ್ಟಿನ್ ರೇಸು ಮಧ್ಯರಾತ್ರಿ 12:30ಕ್ಕೆ, ಮಯಾಮಿ ಮತ್ತು ಮೆಕ್ಸಿಕೊ 1:30ಕ್ಕೆ. ಯಕ್ಷಗಾನ ಮೇಳದ ಆಟಕ್ಕೆ ಬೆಳಗಿನ ತನಕ ಕೂರುವ ಸೀಮೆಗೆ ಅದೇನೂ ಅತಿಯಾದ ಹೊತ್ತಲ್ಲ. ಆದರೆ ಮರುದಿನ ಸೋಮವಾರ ಎನ್ನುವುದೊಂದು ಇದೆ.

ಜೂನ್‌ನಿಂದ ಆಗಸ್ಟ್ ತನಕ, ಅಂದರೆ ನಮ್ಮ ಜಡಿಮಳೆಯ ಮೂರು ತಿಂಗಳಲ್ಲಿ, ಬಿದ್ದ ರೇಸುಗಳು ಏಳು. ಗಾಳಿಗೆ ಮರ ಬಿದ್ದು ಕರೆಂಟು ಹೋಗುವ, ನೆಟ್‌ವರ್ಕ್ ಒಂದು ಗೀಟಿಗೆ ಇಳಿಯುವ ಕಾಲವದು. ಜುಲೈ 27ರ ಬೆಲ್ಜಿಯಂ ರೇಸಿನಲ್ಲಂತೂ ಅಲ್ಲೂ ಮಳೆ ಸುರಿದು ಓಟ 80 ನಿಮಿಷ ತಡವಾಯಿತು. ಫೋನಿನ ಬ್ಯಾಟರಿ ಉಳಿಸಿಕೊಂಡು ಕಾದವರಿಗೆ ಆ 80 ನಿಮಿಷ ಎಷ್ಟು ಉದ್ದವಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಡೇಟಾ. 2022ರ ತನಕ ರೇಸು ಸ್ಟಾರ್ ಸ್ಪೋರ್ಟ್ಸ್ ಚಾನೆಲ್ಲಿನಲ್ಲಿ ಬರುತ್ತಿತ್ತು. 2023ರಲ್ಲಿ ಟಿವಿ ಬಿಟ್ಟು ಆ್ಯಪ್‌ಗೆ ಹೋಯಿತು, 2024ರಿಂದ ಫ್ಯಾನ್‌ಕೋಡ್‌ನಲ್ಲಿದೆ. ಅರ್ಹತಾ ಸುತ್ತು ಒಂದು ಗಂಟೆ, ರೇಸು ಒಂದೂವರೆ ಗಂಟೆ ಎಂದಿಟ್ಟುಕೊಂಡರೆ 24 ವಾರಾಂತ್ಯಕ್ಕೆ 60 ಗಂಟೆ ನೋಟ. ಎಚ್‌ಡಿಯಲ್ಲಿ ಗಂಟೆಗೆ 2 ಜಿಬಿ ಹಿಡಿದರೆ ವರ್ಷಕ್ಕೆ 120 ಜಿಬಿ. ದಿನಕ್ಕೆ 2 ಜಿಬಿ ಪ್ಯಾಕ್ ಇರುವವನಿಗೆ ಚೆಕರ್ಡ್ ಬಾವುಟ ಬೀಳುವ ಮೊದಲೇ ಡೇಟಾ ಮುಗಿಯುತ್ತದೆ. ಚಿತ್ರದ ಗುಣಮಟ್ಟ ಇಳಿಸಿಕೊಂಡರೆ ಸಾಕಾಗುತ್ತದೆ. ಮನೆಗೆ ಫೈಬರ್ ಬಂದವರಿಗೆ ಈ ಚಿಂತೆಯೂ ಇಲ್ಲ. ಒಟ್ಟಿನಲ್ಲಿ ಕಾಲೇಜು ಹುಡುಗನ ಕಿಸೆಗೂ ಎಟಕುವ ಖರ್ಚಿದು.

ಎದುರಿಗೆ ನಿಂತು ನೋಡುವ ಆಸೆಯಾದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಭಾರತದಲ್ಲಿ ಎಫ್1 ನಡೆದದ್ದು ಮೂರೇ ಬಾರಿ, 2011ರ ಅಕ್ಟೋಬರ್ 30, 2012ರ ಅಕ್ಟೋಬರ್ 28, 2013ರ ಅಕ್ಟೋಬರ್ 27. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ 5.125 ಕಿಲೋಮೀಟರಿನದು, ರೇಸಿಗೆ 60 ಸುತ್ತು. ಮೂರು ಸಲವೂ ಗೆದ್ದವರು ಸೆಬಾಸ್ಟಿಯನ್ ವೆಟೆಲ್. ಮೊದಲ ವರ್ಷದ ಟಿಕೆಟ್ಟು 2,500 ರೂಪಾಯಿಯಿಂದ 35,000ದ ತನಕ ಇತ್ತು. ಬಂದವರು ಸುಮಾರು 95,000 ಮಂದಿ. ಮರುವರ್ಷ ಅದು 65,000ಕ್ಕೆ ಇಳಿಯಿತು. ಆಮೇಲೆ ಮನರಂಜನಾ ತೆರಿಗೆಯ ಜಗಳದಲ್ಲಿ ರೇಸೇ ಹೋಯಿತು. ತ್ರಾಸಿಯಿಂದ ಅಲ್ಲಿಗೆ 2,000 ಕಿಲೋಮೀಟರಿಗೂ ಹೆಚ್ಚು. ಈಗ ನಮಗೆ ಹತ್ತಿರವೆನ್ನಬಹುದಾದ ಎಫ್1 ರೇಸು ಕೊಲ್ಲಿ ನಾಡಿನದು. ಮಂಗಳೂರಿನ ಬಜಪೆಯಿಂದ ನೇರ ವಿಮಾನವಿದೆ, ಅಬುಧಾಬಿಯ ಯಾಸ್ ಮರೀನಾ ಟ್ರ್ಯಾಕ್ ಏರ್‌ಪೋರ್ಟಿನ ಮಗ್ಗುಲಲ್ಲೇ ಇದೆ, ಕರಾವಳಿಯ ಎಷ್ಟೋ ಮನೆಗಳಿಗೆ ಅಲ್ಲೊಬ್ಬ ಅಣ್ಣನೋ ಭಾವನೋ ಇರುತ್ತಾನೆ.

ಇಷ್ಟೆಲ್ಲ ನೋಡುವವರನ್ನು ಪಕ್ಕದಲ್ಲಿ ಕೂತವರು ಕೇಳುವ ಪ್ರಶ್ನೆ ಒಂದೇ: “ಅದ್ರಗೆ ನಮ್ಮೋರ್ ಯಾರೂ ಇಲ್ಯಾ ಮಾರಾಯ?”

ಇದ್ದರು. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 46 ರೇಸು ಓಡಿದರು, ಚೆನ್ನೈನ ಕರುಣ್ ಚಾಂದೋಕ್ 11. ಇಬ್ಬರದೂ ಸೇರಿ 57 ರೇಸು, ಸಿಕ್ಕ ಅಂಕ ಒಟ್ಟು ಐದು. ಆ ಐದೂ 2005ರ ಅಮೆರಿಕ ರೇಸಿನಲ್ಲಿ ಕಾರ್ತಿಕೇಯನ್‌ಗೆ ಬಂದವು. ಟೈರಿನ ಗಲಾಟೆಯಿಂದ ಆವತ್ತು ಓಡಿದ್ದು ಆರೇ ಕಾರು. 2012ರ ನಂತರ ಭಾರತದವರು ಯಾರೂ ಎಫ್1 ರೇಸಿನ ಸಾಲಿನಲ್ಲಿ ನಿಂತಿಲ್ಲ.

ತಂಡದ ಮಾಲಕರೊಬ್ಬರು ಮಾತ್ರ ನಮ್ಮ ಕರಾವಳಿಯ ಬೇರಿನವರೇ. ವಿಜಯ್ ಮಲ್ಯರ ಮನೆತನ ಬಂಟ್ವಾಳದ್ದು, ವ್ಯವಹಾರದ ತಳಪಾಯ ಬೆಂಗಳೂರಿನದು. 1980ರ ದಶಕದಲ್ಲಿ ಚೆನ್ನೈ ಬಳಿಯ ಶೋಲಾವರಂನಲ್ಲಿ ಹಳೆಯ ಎನ್‌ಸೈನ್ ಎಫ್1 ಕಾರನ್ನು ಅವರೇ ಓಡಿಸಿದ್ದರು. 2007ರಲ್ಲಿ ಪಾಲುದಾರರ ಜೊತೆ ಸ್ಪೈಕರ್ ತಂಡವನ್ನು 8.8 ಕೋಟಿ ಯೂರೋಗೆ ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. 2011ರಲ್ಲಿ ಸಹಾರಾ 10 ಕೋಟಿ ಡಾಲರಿಗೆ ಶೇ 42.5 ಪಾಲು ತೆಗೆದುಕೊಂಡಿತು. ಕೊಟ್ಟ ಹಣಕ್ಕೆ ಆ ತಂಡ ಮಾಡಿದ ಕೆಲಸ ಸಣ್ಣದಲ್ಲ. ಆರು ಪೋಡಿಯಂ, 2009ರ ಸ್ಪಾ ರೇಸಿನಲ್ಲಿ ಚಾಲಕ ಫಿಸಿಕೆಲ್ಲಾಗೆ ಪೋಲ್, 2016ರಲ್ಲಿ 173 ಅಂಕ, 2017ರಲ್ಲಿ 187, ಎರಡೂ ವರ್ಷ ನಾಲ್ಕನೇ ಸ್ಥಾನ. ತನಗಿಂತ ಎರಡು ಮೂರು ಪಟ್ಟು ಖರ್ಚು ಮಾಡುವವರ ನಡುವೆ ನಾಲ್ಕನೇ ಸ್ಥಾನ ಹಿಡಿದದ್ದು ಆ ಕಾಲದ ದೊಡ್ಡ ಸಾಧನೆ ಎಂದೇ ನಾನು ಎಣಿಸುತ್ತೇನೆ. 2018ರ ಜುಲೈಯಲ್ಲಿ ತಂಡ ಸಾಲದಲ್ಲಿ ಮುಳುಗಿತು, 405 ಮಂದಿಯ ಕೆಲಸ ತೂಗಾಡಿತು. ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಅವರ ಕೂಟ ಸುಮಾರು 9 ಕೋಟಿ ಪೌಂಡಿಗೆ ಅದನ್ನು ಕೊಂಡಿತು. ಅದೇ ಇಂದಿನ ಆಸ್ಟನ್ ಮಾರ್ಟಿನ್. ಹನ್ನೊಂದು ಋತುಗಳಲ್ಲಿ ಫೋರ್ಸ್ ಇಂಡಿಯಾದ ರೇಸ್ ಸೀಟಿನಲ್ಲಿ ಒಬ್ಬ ಭಾರತೀಯನೂ ಕೂರಲಿಲ್ಲ ಎಂಬ ಕೊರಗು ಮಾತ್ರ ಉಳಿದುಹೋಯಿತು.

ಆ 9 ಕೋಟಿ ಪೌಂಡು ಆಗಿನ ದರದಲ್ಲಿ ಸುಮಾರು 11.5 ಕೋಟಿ ಡಾಲರ್. ಅದರಲ್ಲಿ ಇಂಗ್ಲೆಂಡಿನ ಕಾರ್ಖಾನೆ, ಕಾರು, ಕೆಲಸಗಾರರು, ಎಲ್ಲ ಬಂತು. 2026ರಲ್ಲಿ ಹನ್ನೊಂದನೆಯ ತಂಡವಾಗಿ ಒಳಬಂದ ಕ್ಯಾಡಿಲಾಕ್ ಹಳೆಯ ಹತ್ತು ತಂಡಗಳ ಪಾಲು ಕಡಿಮೆಯಾಗುವುದಕ್ಕೆ ಪರಿಹಾರವೆಂದು ಕಟ್ಟಬೇಕಾದದ್ದು ವರದಿಗಳ ಪ್ರಕಾರ 45 ಕೋಟಿ ಡಾಲರ್. ಬಾಗಿಲು ದಾಟುವುದಕ್ಕಷ್ಟೇ ಈ ಹಣ, ಕಾರಿನ ಖರ್ಚು ಬೇರೆ. ಎಂಟು ವರ್ಷದೊಳಗೆ ಪ್ರವೇಶದ ಬೆಲೆಯೊಂದೇ ಇಡೀ ತಂಡದ ಹಳೆಯ ಬೆಲೆಯ ನಾಲ್ಕು ಪಟ್ಟಾಗಿದೆ.

ಈ ಏರಿಕೆಯ ಹಿಂದೆ ಇರುವುದು 2021ರಲ್ಲಿ ಬಂದ ಖರ್ಚಿನ ಮಿತಿ. ಮೊದಲ ವರ್ಷ 14.5 ಕೋಟಿ ಡಾಲರ್, ಮರುವರ್ಷ 14 ಕೋಟಿ, 2023ರಿಂದ 2025ರ ತನಕ 13.5 ಕೋಟಿ, ಅದರ ಮೇಲೆ ಬೆಲೆಯೇರಿಕೆಯ ಮತ್ತು ಹೆಚ್ಚುವರಿ ರೇಸುಗಳ ಹೊಂದಾಣಿಕೆ. ಚಾಲಕರ ಸಂಬಳ, ಮೇಲಿನ ಮೂವರು ಅಧಿಕಾರಿಗಳ ಸಂಬಳ, ಪ್ರಚಾರದ ಖರ್ಚು ಇದರಿಂದ ಹೊರಗೆ. 2026ಕ್ಕೆ ಮಿತಿ 21.5 ಕೋಟಿ ಡಾಲರಿಗೆ ಏರಿದೆ. ಹಿಂದೆ ಹೊರಗಿದ್ದ ಕೆಲವು ಬಾಬತ್ತುಗಳು ಈಗ ಒಳಗೆ ಬಂದಿವೆ. ಡಾಲರಿಗೆ 90 ರೂಪಾಯಿಯಂತೆ ಈ ಮಿತಿ 1,935 ಕೋಟಿ ರೂಪಾಯಿ. ಇನ್ನೊಂದು ಕಡೆ, 2024ರಲ್ಲಿ ಎಫ್1ನ ವರಮಾನ 341 ಕೋಟಿ ಡಾಲರ್, ತಂಡಗಳಿಗೆ ಹಂಚಿದ್ದು ಸುಮಾರು 126.6 ಕೋಟಿ. ಹತ್ತು ತಂಡಕ್ಕೆ ಭಾಗಿಸಿದರೆ ಸರಾಸರಿ 12.66 ಕೋಟಿ, ಆ ವರ್ಷದ ಮೂಲ ಮಿತಿಗಿಂತ ಸುಮಾರು ಒಂದು ಕೋಟಿಯಷ್ಟೇ ಕಡಿಮೆ. ಪ್ರಾಯೋಜಕರ ಹಣ ಬರುವ ಮೊದಲೇ ಕಾರಿನ ಖರ್ಚು ಬಹುಪಾಲು ಹುಟ್ಟುತ್ತದೆ ಎಂದಾಯಿತು. ಫೋರ್ಸ್ ಇಂಡಿಯಾಕ್ಕೆ ಈ ಮಿತಿ ಐದು ವರ್ಷ ಮೊದಲು ಸಿಕ್ಕಿದ್ದರೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಈ ಹಣ ಸುರಿಯುವ, 2026ರ ಹೊಸ ನಿಯಮದ ಕಾರಿನ ಬಗ್ಗೆ ಎರಡು ಮಾತು. ಕನಿಷ್ಠ ತೂಕ 800 ಕಿಲೋದಿಂದ 768ಕ್ಕೆ ಇಳಿದಿದೆ, ಅಗಲ 2 ಮೀಟರಿನಿಂದ 1.9ಕ್ಕೆ. ವಿದ್ಯುತ್ ಮೋಟಾರಿನ ಶಕ್ತಿ 120 ಕಿಲೋವಾಟ್‌ನಿಂದ 350ಕ್ಕೆ ಏರಿ ಕಾರಿನ ಬಲದಲ್ಲಿ ಸುಮಾರು ಅರ್ಧ ಬ್ಯಾಟರಿಯದಾಗಿದೆ. ಹಳೆಯ ಕಾರು ರೇಸಿಗೆ 110 ಕಿಲೋ ಇಂಧನ ಬಳಸಬಹುದಿತ್ತು. ಅದು ಸುಮಾರು 145 ಲೀಟರ್, ಓಟ 305 ಕಿಲೋಮೀಟರ್, ಅಂದರೆ ಲೀಟರಿಗೆ ಎರಡು ಕಿಲೋಮೀಟರ್ ಚಿಲ್ಲರೆ. ಟೈರಿನ ಲೆಕ್ಕ ಇನ್ನೂ ದೊಡ್ಡದು. ಮಾಮೂಲಿ ವಾರಾಂತ್ಯಕ್ಕೆ ಒಬ್ಬ ಚಾಲಕನಿಗೆ ಒಣ ರಸ್ತೆಯ ಟೈರು 13 ಸೆಟ್. 22 ಚಾಲಕರಿಗೆ 286 ಸೆಟ್, ಬಿಡಿಯಾಗಿ ಎಣಿಸಿದರೆ 1,144 ಟೈರು. ಮಳೆಯ ಟೈರು ಇದರಲ್ಲಿ ಸೇರಿಲ್ಲ.

ಮೇಲೆ ಹೀಗೆ ಮಿತಿ ಬಂದು ಎಲ್ಲ ತಂಡ ಉಸಿರಾಡುತ್ತಿರುವಾಗ ಕೆಳಗಿನ ಮೆಟ್ಟಿಲುಗಳಿಗೆ ಅಂಥ ಮಿತಿ ಬಂದಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಕರ್ನಾಟಕದ ಹುಡುಗನೊಬ್ಬ ಬೆಂಗಳೂರಿನ ಮೆಕೊ ಕಾರ್ಟೋಪಿಯಾದಲ್ಲಿ ಕಾರ್ಟ್ ಹತ್ತಿ ಶುರುಮಾಡಬಹುದು. ಮುಂದಿನ ಮೆಟ್ಟಿಲು 2023ರಲ್ಲಿ ಆರಂಭವಾದ ಭಾರತೀಯ ಫಾರ್ಮುಲಾ 4 (ಎಫ್4), ಅದರ ಓಟ ಚೆನ್ನೈ ಬಳಿಯ 3.717 ಕಿಲೋಮೀಟರಿನ ಟ್ರ್ಯಾಕಿನಲ್ಲಿ, ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ. ಅಲ್ಲಿಂದ ಆಚೆ ಯುರೋಪಿಗೆ ಹೋಗಲೇಬೇಕು. ರೇಸಿಂಗ್ ವಲಯದಲ್ಲಿ ಸಾಮಾನ್ಯವಾಗಿ ಹೇಳುವ ಅಂದಾಜು ಹೀಗಿದೆ, ಯೂರೋಗೆ 100 ರೂಪಾಯಿಯಂತೆ: ಅಂತರರಾಷ್ಟ್ರೀಯ ಕಾರ್ಟಿಂಗ್‌ನ ವರ್ಷಗಳಿಗೆ ಒಟ್ಟು 10 ಕೋಟಿ, ಎಫ್4ಗೆ ಋತುವೊಂದಕ್ಕೆ 4 ಕೋಟಿ, ಅದರ ಮೇಲಿನ ಪ್ರಾದೇಶಿಕ ಫಾರ್ಮುಲಾಕ್ಕೆ 8 ಕೋಟಿ, ಎಫ್3ಗೆ 12 ಕೋಟಿ, ಎಫ್2ಗೆ 20ರಿಂದ 30 ಕೋಟಿ. ಎಫ್4, ಎಫ್3, ಎಫ್2 ಎರಡೆರಡು ವರ್ಷ, ಪ್ರಾದೇಶಿಕ ಒಂದು ವರ್ಷ ಎಂದು ಕೂಡಿಸಿದರೆ ಸುಮಾರು 100 ಕೋಟಿ ಬರುತ್ತದೆ.

ಈ ಏಣಿಯನ್ನು ಕರ್ನಾಟಕದಿಂದ ಅತಿ ಎತ್ತರಕ್ಕೆ ಹತ್ತಿದವರು ಬೆಂಗಳೂರಿನ ಮೈನಿ ಸಹೋದರರು. 2001ರಲ್ಲಿ ರಸ್ತೆಗಿಳಿದ ರೇವಾ ವಿದ್ಯುತ್ ಕಾರಿನ ಚೇತನ್ ಮೈನಿ ಅವರ ಚಿಕ್ಕಪ್ಪ. ಅಣ್ಣ ಅರ್ಜುನ್, 2011ರಲ್ಲಿ ಫೋರ್ಸ್ ಇಂಡಿಯಾ ದೇಶವೆಲ್ಲ ಹುಡುಕಿ ಆರಿಸಿದ ಮೂವರು ಹುಡುಗರಲ್ಲಿ ಒಬ್ಬರು. 2018ರಲ್ಲಿ ಎಫ್2 ಓಡಿದರು, ಆಮೇಲೆ ಜರ್ಮನಿಯ ಡಿಟಿಎಂ ಕಾರ್ ರೇಸಿಗೆ ಹೋದರು. ತಮ್ಮ ಕುಶ್, 2023ರಿಂದ ಮೂರು ಋತು ಮೂರು ತಂಡಗಳಲ್ಲಿ ಎಫ್2 ಓಡಿ, 2025ರ ಮೇ 24ರಂದು ಮೊನಾಕೊದ ಸ್ಪ್ರಿಂಟ್ ಗೆದ್ದರು. ಆ ಬೀದಿಗಳಲ್ಲಿ ಎಫ್2 ಗೆದ್ದ ಮೊದಲ ಭಾರತೀಯ. ಆವತ್ತು ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಆದರೆ ಎಫ್1 ಪರವಾನಗಿಗೆ ಮೂರು ವರ್ಷದಲ್ಲಿ 40 ಅಂಕ ಬೇಕು. ಎಫ್2 ಋತುವಿನ ಮೊದಲ ಮೂವರಿಗೆ ಆ 40 ಒಮ್ಮೆಲೇ ಸಿಗುತ್ತದೆ, ನಾಲ್ಕನೆಯವನಿಗೆ 30, ಐದನೆಯವನಿಗೆ 20, ಆರನೆಯವನಿಗೆ 10, ಹತ್ತನೆಯವನಿಗೆ 3. ಕುಶ್ ಮೊದಲ ಎರಡು ಋತುಗಳನ್ನು ಹತ್ತರ ಹೊರಗೆ ಮುಗಿಸಿದ್ದರು. ಸಾಮಾನ್ಯ ದರದಲ್ಲಿ ಮೂರು ಎಫ್2 ಋತುವೆಂದರೆ 60ರಿಂದ 90 ಕೋಟಿ. ಇದು ಅವರ ಮನೆಯ ಲೆಕ್ಕವಲ್ಲ, ಆ ಮೆಟ್ಟಿಲಿನ ಬಾಡಿಗೆ. ಉದ್ಯಮಿಗಳ ಮನೆಯ ಹುಡುಗರಿಗೇ ದಾರಿ ಇಷ್ಟು ಕಡಿದಾಗಿರುವಾಗ ಕುಂದಾಪುರದ ಗ್ಯಾರೇಜಿನವರ ಮಗ ಎಷ್ಟನೇ ಮೆಟ್ಟಿಲಿನಲ್ಲಿ ನಿಲ್ಲುತ್ತಾನೆ ಎನ್ನುವುದಕ್ಕೆ ಕ್ಯಾಲ್ಕುಲೇಟರ್ ಬೇಡ.

ಕ್ಯಾಡಿಲಾಕ್ ಕಟ್ಟುವ 45 ಕೋಟಿ ಡಾಲರ್ ಅದೇ 90 ರೂಪಾಯಿ ದರದಂತೆ ನಮ್ಮ ಹಣದಲ್ಲಿ 4,050 ಕೋಟಿ ರೂಪಾಯಿ. ಹತ್ತು ತಂಡಗಳಿಗೆ ಸಮನಾಗಿ ಹಂಚಿದರೆ ತಲಾ 405 ಕೋಟಿ. ಪ್ರತಿ ತಂಡವೂ ಅದರಲ್ಲಿ ಶೇಕಡಾ ಒಂದನ್ನು ತೆಗೆದಿಟ್ಟರೆ 4 ಕೋಟಿ ಚಿಲ್ಲರೆ, ಒಬ್ಬ ಹುಡುಗನ ಅಥವಾ ಹುಡುಗಿಯ ಒಂದು ಯುರೋಪಿಯನ್ ಎಫ್4 ಋತು. ಹತ್ತು ತಂಡಕ್ಕೆ ಹತ್ತು ಮಕ್ಕಳು. ಖರ್ಚಿನ ಮಿತಿಯನ್ನು ಹತ್ತೂ ತಂಡಗಳಿಗೆ ಒಪ್ಪಿಸಿದ ಎಫ್1ನ ಆಡಳಿತ ಸಂಸ್ಥೆಗೆ ಈ ಶೇಕಡಾ ಒಂದನ್ನು ಕೇಳುವ ಅಧಿಕಾರವೂ ಇದೆ.