ಪ್ರತ್ಯಯ ತಪ್ಪಿದರೆ ಲೆಕ್ಕವೂ ತಪ್ಪೀತು

ವ್ಯಾಕರಣವು ಶಾಲೆಯ ಪಾಠ, ವ್ಯಾಪಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಅಭಿಪ್ರಾಯ ವರ್ತಕ ಸಮುದಾಯದಲ್ಲಿ ವ್ಯಾಪಕವಾಗಿದೆ. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯ ಪೇಟೆಗಳಲ್ಲಿ ಈ ಅಭಿಪ್ರಾಯವನ್ನು ಒಮ್ಮೆ ಪರಿಶೀಲಿಸುವುದು ಸೂಕ್ತ. ಏಕೆಂದರೆ ಇಲ್ಲಿ ನಿತ್ಯ ವ್ಯವಹರಿಸುವವರಲ್ಲಿ ಅನೇಕರು ಕನ್ನಡವನ್ನು ಮನೆಯಲ್ಲಿ ಕಲಿತವರಲ್ಲ, ಪೇಟೆಯಲ್ಲಿ ಕಲಿತವರು.

1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಗಿ ಎಡದಂಡೆ ಕಾಲುವೆಯ ನೀರು ಹರಿದ ಬಳಿಕ ಆಂಧ್ರದ ರೈತ ಕುಟುಂಬಗಳು ಸಿಂಧನೂರು ಭಾಗಕ್ಕೆ ಬಂದು ಕ್ಯಾಂಪ್‌ಗಳನ್ನು ಕಟ್ಟಿಕೊಂಡವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಆರ್.ಎಚ್. ಕ್ಯಾಂಪ್‌ಗಳು ನೆಲೆಯಾದವು. ಅಕ್ಕಿ ಗಿರಣಿಗಳಿಗೆ ಉತ್ತರ ಭಾರತದ ಕಾರ್ಮಿಕರು ಬಂದರು. 1956ರವರೆಗೆ ಈ ಭಾಗ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯಕ್ಕೆ ಸೇರಿದ್ದುದರಿಂದ ಉರ್ದುವಿನ ಪ್ರಭಾವವೂ ಗಾಢವಾಗಿದೆ. ಜಮಾ, ಬಾಕಿ, ವಸೂಲಿ, ರಸೀದಿ, ದಲಾಲಿ ಮುಂತಾದ ಪದಗಳಿಲ್ಲದೆ ಇಲ್ಲಿಯ ಯಾವ ಖಾತೆಯೂ ಪೂರ್ಣವಾಗದು.

ಈ ಪದಗಳಲ್ಲಿ ಒಂದು ವಿಶೇಷವಿದೆ. ಪದ ಎಲ್ಲಿಂದ ಬಂದರೂ ಅದಕ್ಕೆ ಹತ್ತುವ ಪ್ರತ್ಯಯ ಮಾತ್ರ ಕನ್ನಡದ್ದು: ಬಾಕಿಯಲ್ಲಿ, ವಸೂಲಿಗೆ, ಬ್ಯಾಂಕಿನಿಂದ, ಜಿಎಸ್‌ಟಿಯನ್ನು. ಹೊಸದಾಗಿ ಬಂದವನು ಪದಗಳನ್ನು ಒಂದೆರಡು ತಿಂಗಳಲ್ಲಿ ಹಿಡಿಯುತ್ತಾನೆ. ಅವನು ಎಡವುವುದು ಪ್ರತ್ಯಯದಲ್ಲಿ.

ಒಂದು ಅಕ್ಷರದ ಬೆಲೆ

ದಲಾಲಿ ಅಂಗಡಿಯ ಗುಮಾಸ್ತನೊಬ್ಬನು ‘ಗಿರಣಿಯವರಿಂದ 40,000 ರೂ. ಬರಬೇಕು’ ಎಂದು ಬರೆಯಬೇಕಾದಲ್ಲಿ ‘ಗಿರಣಿಯವರಿಗೆ 40,000 ರೂ. ಬರಬೇಕು’ ಎಂದು ಬರೆದನೆಂದು ಭಾವಿಸಬಹುದು. ಮೊದಲನೆಯದು ಅಂಗಡಿಯ ಆಸ್ತಿ, ಎರಡನೆಯದು ಅಂಗಡಿಯ ಹೊಣೆ. ಬದಲಾದದ್ದು ಪದದ ತುದಿಯಷ್ಟೇ, ಆದರೆ ಲೆಕ್ಕದಲ್ಲಿ ಬೀಳುವ ಅಂತರ 40,000 ಅಲ್ಲ, 80,000 ರೂ. ಆಡುಮಾತಿನಲ್ಲಿ ಪದದ ತುದಿ ನುಂಗಿಹೋಗುವುದರಿಂದ, ಕಿವಿಯಿಂದಲೇ ಭಾಷೆ ಕಲಿತವನಿಗೆ ಈ ತಪ್ಪು ಸುಲಭವಾಗಿ ಆಗುತ್ತದೆ.

ಕನ್ನಡಿಗರೂ ಎಚ್ಚರ ವಹಿಸಬೇಕಾದ ಪ್ರತ್ಯಯವೊಂದಿದೆ, ಅದು ‘ಇಂದ’. ಶಾಲೆಯ ವ್ಯಾಕರಣ ತೃತೀಯೆಗೆ ‘ಇಂದ’ ಎಂದೂ ಪಂಚಮಿಗೆ ‘ದೆಸೆಯಿಂದ’ ಎಂದೂ ಕಲಿಸುತ್ತದೆ. ವ್ಯವಹಾರದಲ್ಲಿ ಎರಡೂ ಕಡೆ ‘ಇಂದ’ ಎಂದೇ ಬಳಕೆ. ‘ದಲಾಲರಿಂದ 50,000 ರೂ. ಪಾವತಿ’ ಎಂಬ ನಮೂದಿಗೆ ದಲಾಲರು ತಾವೇ ಪಾವತಿಸಿದರು, ದಲಾಲರ ಕೈಯಿಂದ ಬೇರೆಯವರ ಹಣ ಬಂತು ಎಂಬ ಎರಡು ಅರ್ಥಗಳು ಹೊರಡುತ್ತವೆ. ವರ್ಷದ ಕೊನೆಯಲ್ಲಿ ಲೆಕ್ಕ ತಾಳೆ ನೋಡುವಾಗ ಯಾರ ಹಣ ಎಂಬ ಪ್ರಶ್ನೆ ಏಳುತ್ತದೆ, ಆಗ ಉತ್ತರ ಕೊಡಬೇಕಾದ ಗುಮಾಸ್ತ ಕೆಲಸ ಬಿಟ್ಟು ಹೋಗಿರಬಹುದು. ಪೇಟೆಯ ಆಡುಮಾತು ಇದಕ್ಕೆ ಪರಿಹಾರವನ್ನೂ ಕಂಡುಕೊಂಡಿದೆ. ಹಣದ ಮೂಲ ಹೇಳಲು ‘ಕಡೆಯಿಂದ’, ಮಧ್ಯಸ್ಥರನ್ನು ಹೇಳಲು ‘ಮೂಲಕ’ ಎಂಬ ಪದಗಳಿವೆ. ‘ರೈತರ ಕಡೆಯಿಂದ, ದಲಾಲರ ಮೂಲಕ’ ಎಂದು ಬರೆದರೆ ಸಂಶಯಕ್ಕೆ ಎಡೆಯಿಲ್ಲ.

ಹೋಲುವ ಪದ, ಹೋಲದ ಅರ್ಥ

ನೆರೆಭಾಷೆ ಕಲಿಕೆಗೆ ನೆರವಾಗುತ್ತದೆ, ಹಾಗೆಯೇ ದಾರಿಯನ್ನೂ ತಪ್ಪಿಸುತ್ತದೆ. ಕನ್ನಡದ ‘ಖರೀದಿ’ ಎಂದರೆ ಕೊಳ್ಳುವಿಕೆ, ತೆಲುಗಿನ ‘ಖರೀದು’ ಎಂದರೆ ಬೆಲೆ. ಇಲ್ಲಿ ‘ಕೊಟ್ಟಾನ’ ಎಂದರೆ ಕೊಟ್ಟಿದ್ದಾನೆ, ತೆಲುಗಿನ ‘ಕೊಟ್ಟಾಡು’ ಎಂದರೆ ಹೊಡೆದನು. ತೆಲುಗಿನಲ್ಲಿ ‘ಅವಳು ಬಂದಳು’ ಮತ್ತು ‘ಅದು ಬಂತು’ ಎರಡಕ್ಕೂ ‘ವಚ್ಚಿಂದಿ’ ಎಂಬ ಒಂದೇ ಕ್ರಿಯಾಪದ. ಆದ್ದರಿಂದ ಹೊಸದಾಗಿ ಕನ್ನಡ ಕಲಿತ ತೆಲುಗರು ‘ಅಕ್ಕ ಬಂತು’ ಎನ್ನುತ್ತಾರೆ. ಬಂಗಾಳಿಯಲ್ಲಿ ಕ್ರಿಯಾಪದಕ್ಕೆ ಲಿಂಗಭೇದವಾಗಲಿ, ಏಕವಚನ ಬಹುವಚನಗಳ ಭೇದವಾಗಲಿ ಇಲ್ಲ. ಆದ್ದರಿಂದ ಬಂದನು, ಬಂದಳು, ಬಂದರು, ಬಂತು ಎಂಬ ನಾಲ್ಕು ರೂಪಗಳು ಬಂಗಾಳಿ ಕ್ಯಾಂಪ್‌ನ ಯುವಕನಿಗೆ ಅನವಶ್ಯಕ ಹೊರೆಯೆನಿಸುತ್ತವೆ. ಇವು ಅಲಕ್ಷ್ಯದ ತಪ್ಪುಗಳಲ್ಲ. ಅವನ ಮಾತೃಭಾಷೆಯ ನಿಯಮ ಕನ್ನಡದೊಳಗೆ ಕೆಲಸ ಮಾಡುತ್ತಿರುತ್ತದೆ.

ಆದರೆ ಎಲ್ಲ ತಪ್ಪುಗಳನ್ನೂ ನಕ್ಕು ಬಿಡಲಾಗದು. ಹಮಾಲರ ನಡುವೆ ‘ಬಾ, ತಗೋ’ ಎಂದು ಕಲಿತವನು ಹಿರಿಯ ರೈತರಿಗೂ ಹಾಗೆಯೇ ಎಂದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ. ‘ಬರ್ರಿ, ತಗೋರಿ’ ಎಂಬುದನ್ನು ಮೊದಲ ದಿನವೇ ಕಲಿಸಬೇಕು.

ಪದದ ಆಯ್ಕೆ ಕಾನೂನನ್ನೂ ಮುಟ್ಟುತ್ತದೆ. ‘ಮುಂಗಡ’ ಮತ್ತು ‘ಠೇವಣಿ’ ಪದಗಳನ್ನು ಒಂದರ ಬದಲು ಇನ್ನೊಂದನ್ನು ಬರೆಯುವ ರೂಢಿ ಪೇಟೆಯಲ್ಲಿದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 2(31)ನೆಯ ಪ್ರಕರಣದ ಪ್ರಕಾರ, ಠೇವಣಿಯನ್ನು ಬೆಲೆಗೆ ಹೊಂದಿಸುವವರೆಗೆ ಅದು ಪ್ರತಿಫಲವೆನಿಸದು. ತೆರಿಗೆಗೆ ಒಳಪಡುವ ಸೇವೆಗೆ ಪಡೆದ ಮುಂಗಡಕ್ಕಾದರೋ ತೆರಿಗೆಯ ಹೊಣೆ ಬರುತ್ತದೆ. ರಸೀದಿಯಲ್ಲಿ ತಪ್ಪು ಪದ ಬಿದ್ದರೆ ಅದನ್ನು ವಿವರಿಸುವ ಭಾರ ಮಾಲೀಕರದ್ದು.

ಪೋಲೆಂಡಿನ ಅಂಗಡಿಯಲ್ಲಿ ಕನ್ನಡಿಗ

ಕಲಿಯುವವನ ಕಷ್ಟ ತಿಳಿಯಬೇಕಾದರೆ ವರ್ತಕನು ತನ್ನನ್ನೇ ಪರಭಾಷೆಯ ಪೇಟೆಯಲ್ಲಿ ನಿಲ್ಲಿಸಿ ನೋಡಬೇಕು. ಪೋಲೆಂಡಿನ ಪೋಲಿಷ್ ಭಾಷೆ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಸಂಬೋಧನೆಯೂ ಸೇರಿ ಏಳು ವಿಭಕ್ತಿಗಳಿವೆ. ಆದ್ದರಿಂದ ವಿಭಕ್ತಿಯೆಂಬ ಕಲ್ಪನೆ ಕನ್ನಡಿಗನಿಗೆ ಹೊಸದಲ್ಲ. ಹೊಸದು ಅದರ ಬಳಕೆ.

ಅಲ್ಲಿಯ ನಾಣ್ಯ ‘ಜ್ವೋತಿ’. ಒಂದಿದ್ದರೆ ‘ಜ್ವೋತಿ’, ಎರಡರಿಂದ ನಾಲ್ಕರವರೆಗೆ ‘ಜ್ವೋತೆ’, ಐದಾದೊಡನೆ ‘ಜ್ವೋತಿಖ್’. ಇಪ್ಪತ್ತೊಂದರವರೆಗೂ ಹೀಗೆಯೇ ನಡೆದು, ಇಪ್ಪತ್ತೆರಡಕ್ಕೆ ಮತ್ತೆ ‘ಜ್ವೋತೆ’. ಅಕ್ಕಿಗೆ ಅಲ್ಲಿ ‘ರಿಶ್’ ಎನ್ನುತ್ತಾರೆ. ‘ನನ್ನಲ್ಲಿ ಅಕ್ಕಿ ಇದೆ’ ಎನ್ನುವಾಗ ‘ರಿಶ್’, ‘ಇಲ್ಲ’ ಎನ್ನುವಾಗ ಅದೇ ಪದ ಷಷ್ಠಿಗೆ ತಿರುಗಿ ‘ರಿಝು’ ಆಗುತ್ತದೆ. ಅಕ್ಕಿ ಇದ್ದರೂ ಇಲ್ಲದಿದ್ದರೂ ‘ಅಕ್ಕಿ’ ಎಂದೇ ಹೇಳುವ ಸಿಂಧನೂರಿನ ವರ್ತಕ ಇಲ್ಲಿ ಖಂಡಿತವಾಗಿ ತೊದಲುತ್ತಾನೆ. ಆದರೆ ‘ಇಂದ’ದ ಗೊಂದಲ ಆ ಭಾಷೆಗಿಲ್ಲ. ರೈತನಿಂದ ಬಂದದ್ದಕ್ಕೆ ‘ಓದ್’, ರೈತನಿಂದ ಆದದ್ದಕ್ಕೆ ‘ಪ್ಶೆಜ್’ ಎಂದು ಬೇರೆ ಬೇರೆ ಪದಗಳನ್ನು ಮುಂದಿಡುತ್ತಾರೆ. ನೆರೆಭಾಷೆಯ ಮೋಸವೂ ಅಲ್ಲಿದೆ: ಪೋಲಿಷ್‌ನಲ್ಲಿ ‘ಸ್ಕ್ಲೆಪ್’ ಎಂದರೆ ಅಂಗಡಿ, ಪಕ್ಕದ ಚೆಕ್ ಭಾಷೆಯಲ್ಲಿ ಅದೇ ಪದಕ್ಕೆ ನೆಲಮಾಳಿಗೆ ಎಂದರ್ಥ.

ಮೂರು ಜ್ವೋತೆಗೆ ಸರಿಯಾಗಿ ಕೇಳಿ ಐದು ಜ್ವೋತಿಖ್‌ಗೆ ತಪ್ಪುವ ಕನ್ನಡಿಗ ದಡ್ಡನಲ್ಲ. ‘ಅಕ್ಕ ಬಂತು’ ಎನ್ನುವ ಗುಮಾಸ್ತನೂ ದಡ್ಡನಲ್ಲ.

ಮಾಲೀಕರು ಮಾಡಬಹುದಾದದ್ದು

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಕಂಡವರು ಗಣಿ ಎಂಜಿನಿಯರ್ ಸಿ. ಬೀಡನ್. ‘ದೇವಾನಾಂಪ್ರಿಯ’ನೆಂಬ ದೊರೆ ಅಶೋಕನೇ ಎಂಬುದು ಅಲ್ಲಿಯ ಹೆಸರಿನಿಂದ ಖಚಿತವಾಯಿತು. ಪ್ರಾಕೃತದ ಆ ಹೆಸರು ‘ಅಸೋಕಸ’ ಎಂದಿದೆ. ಕೊನೆಯ ‘ಸ’ ಷಷ್ಠೀ ಪ್ರತ್ಯಯ, ಅಂದರೆ ‘ಅಶೋಕನ’. ಮಾತು ಯಾರದು ಎಂಬುದನ್ನು ಆ ಒಂದಕ್ಷರ ಹೇಳುತ್ತದೆ. ಖಾತೆ ಪುಸ್ತಕದಲ್ಲಿಯೂ ಹಣ ಯಾರದು ಎಂಬುದನ್ನು ಹೇಳುವುದು ಇಂಥದೇ ಒಂದೆರಡು ಅಕ್ಷರ.

ಆದ್ದರಿಂದ ಪರಭಾಷೆಯ ಗುಮಾಸ್ತರನ್ನು ನೇಮಿಸಿಕೊಳ್ಳುವವರು ಕೆಲವು ಕ್ರಮಗಳನ್ನು ಅನುಸರಿಸುವುದು ಹಿತ. ಮೊದಲ ವಾರದಲ್ಲಿ ಅನ್ನು, ಇಂದ, ಗೆ, ಅಲ್ಲಿ ಎಂಬ ನಾಲ್ಕು ಪ್ರತ್ಯಯಗಳನ್ನು ಅಂಗಡಿಯ ನಿಜವಾದ ವಹಿವಾಟಿನ ವಾಕ್ಯಗಳಲ್ಲಿಯೇ ಬರೆಯಿಸಿ ಕಲಿಸಬೇಕು. ಬರುವ ಹಣಕ್ಕೂ ಹೋಗುವ ಹಣಕ್ಕೂ ನಿಶ್ಚಿತ ವಾಕ್ಯಗಳನ್ನು ಗೊತ್ತುಪಡಿಸಿ ಗಲ್ಲೆಯ ಬಳಿ ಅಂಟಿಸಬೇಕು. ಜಮಾ, ಪಾವತಿ, ಮುಂಗಡ, ಠೇವಣಿ ಇವುಗಳ ಅರ್ಥವನ್ನು ಕಲಿಯುವವನ ಭಾಷೆಯಲ್ಲಿ ಪಕ್ಕದಲ್ಲೇ ಬರೆದಿಡಬೇಕು. ದಿನದ ಕೊನೆಗೆ ಅವನು ಬರೆದದ್ದನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದರೆ ತಪ್ಪು ಅಂದೇ ಕಿವಿಗೆ ಬೀಳುತ್ತದೆ. ತಿದ್ದುವುದು ಗಿರಾಕಿಗಳ ಎದುರಿಗೆ ಆಗಕೂಡದು. ನಗೆಪಾಟಲಾದವನು ತಪ್ಪುವುದನ್ನು ನಿಲ್ಲಿಸುವುದಿಲ್ಲ, ಕೇಳುವುದನ್ನು ನಿಲ್ಲಿಸುತ್ತಾನೆ. ಆಮೇಲೆ ಅವನ ಸಂಶಯಗಳೆಲ್ಲ ನೇರವಾಗಿ ಖಾತೆ ಪುಸ್ತಕಕ್ಕೆ ಇಳಿಯುತ್ತವೆ.