ಡೀಸೆಲ್ ತುಂಬಿಸಿದರೂ ಟ್ರ್ಯಾಕ್ಟರ್ ಯಾಕೆ ಹೊರಡುವುದಿಲ್ಲ?

ಪ್ರಶ್ನೆ: ಹಿಪ್ಪುನೇರಳೆ ತೋಟದಲ್ಲಿ ಉಳುವಾಗ ಹಳೇ ಮಿನಿ ಟ್ರ್ಯಾಕ್ಟರ್ ಡೀಸೆಲ್ ಮುಗಿದು ನಿಂತಿತು. ಟ್ಯಾಂಕ್ ತುಂಬಿಸಿದರೂ ಸ್ಟಾರ್ಟ್ ಆಗುತ್ತಿಲ್ಲ. ಪೆಟ್ರೋಲ್ ಮುಗಿದ ಬೈಕ್ ತುಂಬಿಸಿದರೆ ಹೊರಡುತ್ತದೆ, ಇದಕ್ಕೇನು ಬಂತು?
– ಓದುಗರು, ಹನೂರು

ಉತ್ತರ: ಪೈಪಿನೊಳಗೆ ಗಾಳಿ ಹೊಕ್ಕಿದೆ. ಬೈಕಿನಂತೆ ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ ಇಲ್ಲ. ಪಂಪು ಭಾರೀ ಒತ್ತಡದಲ್ಲಿ ತಳ್ಳಿದ ಇಂಧನ ಇಂಜೆಕ್ಟರಿನಿಂದ ಮಂಜಿನಂತೆ ಚಿಮ್ಮಿದರೆ ಮಾತ್ರ ಸಿಲಿಂಡರಿನ ಕಾದ ಗಾಳಿಯಲ್ಲಿ ಹೊತ್ತಿಕೊಳ್ಳುತ್ತದೆ. ಡೀಸೆಲ್ ಹಿಂಡಿದರೆ ಅಷ್ಟಾಗಿ ಕುಗ್ಗದು, ಗಾಳಿ ಕುಗ್ಗುತ್ತದೆ. ಪಂಪಿನ ಶ್ರಮವೆಲ್ಲ ಗುಳ್ಳೆ ಹಿಂಡುವುದಕ್ಕೇ ಖರ್ಚಾಗಿ ಇಂಜೆಕ್ಟರ್ ಬಾಯೇ ಬಿಡುವುದಿಲ್ಲ.

ಡೀಸೆಲ್ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ. ಕೈಪಂಪು ಇದ್ದರೆ ಒತ್ತಿ. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಹರಿದ ಮೇಲೆ ಬಿಗಿಮಾಡಿ, ಇಂಧನ ಪಂಪಿನ ಏರ್ ಸ್ಕ್ರೂಗೂ ಹಾಗೇ ಮಾಡಿ. ಇಂಜೆಕ್ಟರ್ ಪೈಪಿನ ನಟ್ಟು ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೆ ಬಿಡುವುದೇ ವಾಸಿ. ಆ ಒತ್ತಡದ ಡೀಸೆಲ್ ಬೆರಳಿನ ಚರ್ಮವನ್ನೇ ತೂರಿಕೊಂಡು ಹೋಗುತ್ತದೆ.

ಕೊಳ್ಳೇಗಾಲ, ಯಳಂದೂರಿನ ರೇಷ್ಮೆ ರೈತರಿಗೆ ಪರಿಚಿತವಾದ ಜೋಡಿಸಾಲಿನ 5 ಅಡಿ ಸಂದಿಗೆ ಹೇಳಿಮಾಡಿಸಿದಂತಿರುವ, ಬೆಂಗಳೂರಿನ ವಿಎಸ್‌ಟಿ ಕಂಪನಿಯ 18.5 ಅಶ್ವಶಕ್ತಿಯ ‘ಶಕ್ತಿ’ಯಂಥ ಪುಟ್ಟ ಟ್ರ್ಯಾಕ್ಟರಿರಲಿ, ದೊಡ್ಡದಿರಲಿ, ಸೂತ್ರ ಇದೇ. ಸ್ಟಾರ್ಟರನ್ನು ಮಾತ್ರ ಒಂದೇ ಸಮನೆ ತಿರುಗಿಸಬೇಡಿ, ಬ್ಯಾಟರಿ ಸತ್ತೀತು. ಮತ್ತೆ ಮತ್ತೆ ಗಾಳಿ ಸೇರುತ್ತಿದ್ದರೆ ಬಿರುಕುಬಿಟ್ಟ ರಬ್ಬರ್ ಪೈಪನ್ನೂ ಸವೆದ ತಾಮ್ರದ ವಾಷರನ್ನೂ ಬದಲಿಸಿ.