ಸದ್ದನ್ನು ಬರೆಯುವ ಕಲೆ

ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಒಂದು ಘಟಪ್ರಭಾ ಸೇತುವೆ ದಾಟುತ್ತಿದೆ ಎಂದುಕೊಳ್ಳಿ. ಚಿತ್ರಕಥೆಯ ಒಂದೇ ಚೌಕಟ್ಟಿನಲ್ಲಿ ಇದನ್ನು ತೋರಿಸಬೇಕು. ನದಿ, ಸೇತುವೆ, ಟ್ರ್ಯಾಕ್ಟರ್ ಬರೆದಾಯಿತು. ಎಂಜಿನ್ನಿನ ಸದ್ದನ್ನು ಬರೆಯುವುದು ಹೇಗೆ?

ಕಲಾವಿದ ಇಲ್ಲಿ ಅಕ್ಷರವನ್ನೇ ಚಿತ್ರವಾಗಿಸುತ್ತಾನೆ. ಸೇತುವೆಯ ಆಚೆ ತುದಿಯಲ್ಲಿ ಸಣ್ಣದಾಗಿ ಶುರುವಾದ ‘ಡುಗುಡುಗು’ ಓದುಗನತ್ತ ಬರುತ್ತ ದಪ್ಪಗಾಗುತ್ತದೆ. ಗಾಡಿ ಹತ್ತಿರವಾಯಿತೆಂದು ಯಾರೂ ಹೇಳಬೇಕಿಲ್ಲ. ಗಾಲಿ ಗುಂಡಿಗಿಳಿದರೆ ‘ದಡಲ್’ ಓರೆಯಾಗಿ, ಚೌಕಟ್ಟಿನ ಗೆರೆ ದಾಟಿ ಹೊರಗೆ ಚಾಚುತ್ತದೆ. ಮಾತಿನ ಬಲೂನಿಗೂ ಇಂಥದೇ ಕಟ್ಟಳೆಗಳಿವೆ. ತುಂಡು ಗೆರೆಯ ಬಲೂನು ಪಿಸುಮಾತಿಗೆ, ಮೋಡದಂಥದು ಮನಸ್ಸಿನ ಮಾತಿಗೆ, ಗರಗಸದ ಹಲ್ಲಿನ ಅಂಚು ಕಿರುಚಾಟಕ್ಕೆ ಅಥವಾ ಧ್ವನಿವರ್ಧಕಕ್ಕೆ.

ಈ ರೂಢಿ ಬೆಳೆದದ್ದು ಪತ್ರಿಕೆಗಳ ಚಿತ್ರಪಟ್ಟಿಗಳಲ್ಲಿ. 1924ರಲ್ಲಿ ‘ವಾಶ್ ಟಬ್ಸ್’ ಆರಂಭಿಸಿದ ಅಮೆರಿಕದ ರಾಯ್ ಕ್ರೇನ್ ಹೊಡೆತ, ಸ್ಫೋಟಗಳ ಸದ್ದನ್ನು ಚಿತ್ರದೊಳಗೇ ಬರೆದು ದಾರಿ ತೋರಿದವರಲ್ಲಿ ಪ್ರಮುಖ. 1966ರ ‘ಬ್ಯಾಟ್‌ಮನ್’ ಟಿ.ವಿ. ಧಾರಾವಾಹಿ ಅಂಥ ಅಕ್ಷರಗಳನ್ನು ತೆರೆಯ ಮೇಲೂ ಸಿಡಿಸಿತು.

ಚಿತ್ರಕಥೆಗೆ ಕನ್ನಡದ ನಂಟೂ ಹಳೆಯದು. ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. 1965ರಲ್ಲಿ ಐಬಿಎಚ್ ಪ್ರಕಾಶನ ಸಂಸ್ಥೆಯ, ಬೆಂಗಳೂರಿನ ಜಿ.ಕೆ. ಅನಂತರಾಮ್ ಇದಕ್ಕೆ ಕೈ ಹಾಕಿದರು. ಇಂಗ್ಲಿಷ್ ಸರಣಿ ಹನ್ನೊಂದನೆಯ ಸಂಖ್ಯೆಯಿಂದ ಶುರುವಾದದ್ದು ಅದೇ ಕಾರಣಕ್ಕೆ. ಆ ಹತ್ತೂ ಪಾಶ್ಚಾತ್ಯ ಚಿತ್ರಕಥೆಗಳ ಅನುವಾದಗಳು. ಮುಂದೆ ‘ಬಾಲಮಂಗಳ’ ಪತ್ರಿಕೆಯ ಚಿತ್ರಕಥಾನಾಯಕ ಡಿಂಗ ಎಷ್ಟೋ ಮಕ್ಕಳಿಗೆ ಓದಿನ ರುಚಿ ಹತ್ತಿಸಿದ.

ಅನುವಾದದಲ್ಲಿ ತೊಡಕಿರುವುದು ಸದ್ದಿನಲ್ಲೇ. ಬಲೂನಿನೊಳಗಿನ ಮಾತನ್ನು ಅಳಿಸಿ ಕನ್ನಡದಲ್ಲಿ ಬರೆಯಬಹುದು. ಆದರೆ ಸದ್ದಿನ ಅಕ್ಷರಗಳು ಹೊಗೆ, ದೂಳು, ಮುಷ್ಟಿಗಳ ಜೊತೆ ಹೆಣೆದುಕೊಂಡಿರುತ್ತವೆ. ಅವನ್ನು ತೆಗೆಯಬೇಕಾದರೆ ಹಿಂದಿನ ಚಿತ್ರವನ್ನೂ ಹೊಸದಾಗಿ ಬರೆಯಬೇಕು. ಆ ಶ್ರಮ ತಪ್ಪಿಸಿದರೆ ಪಾತ್ರಗಳು ಕನ್ನಡ ಮಾತಾಡುತ್ತವೆ, ಬಾಂಬು ಮಾತ್ರ ಇಂಗ್ಲಿಷಿನಲ್ಲಿ ಸಿಡಿಯುತ್ತದೆ.

ಇದು ದೊಡ್ಡ ನಷ್ಟ. ಏಕೆಂದರೆ ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದಿದ ಪದಗಳ ಕಣಜವೇ ನಮ್ಮಲ್ಲಿದೆ. ಕಾಲ್ಗೆಜ್ಜೆಗೆ ಕಿಣಿಕಿಣಿ, ದೊಡ್ಡ ಗಂಟೆಗೆ ಗಣಗಣ. ಸ್ವರ ಬದಲಾದರೆ ವಸ್ತುವಿನ ಗಾತ್ರವೇ ಬದಲಾಗುತ್ತದೆ. ಗಟ್ಟಿ ವಸ್ತು ‘ಟಕ್’ ಎಂದರೆ ಮೆತ್ತನೆಯದು ‘ತೊಪ್’ ಎನ್ನುತ್ತದೆ. ‘ದಬ್’ ಅಲ್ಲಿಗೇ ನಿಲ್ಲುತ್ತದೆ. ‘ಢಂ’ ಸೊನ್ನೆಯ ಬಲದಿಂದ ಗಾಳಿಯಲ್ಲಿ ಉಳಿಯುತ್ತದೆ. ಸದ್ದೇ ಇಲ್ಲದ್ದನ್ನೂ ಕನ್ನಡ ಬಿಟ್ಟಿಲ್ಲ: ಹೊಳಪಿಗೆ ಥಳಥಳ, ಕತ್ತಲಿಗೆ ಗವ್, ಜನವಿಲ್ಲದ ಬೀದಿಗೆ ಬಿಕೋ.

ಲಿಪಿಯ ಗುಣವನ್ನೂ ಅರಿಯಬೇಕು. ಇಂಗ್ಲಿಷಿನಂತೆ ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ; ಅಬ್ಬರವೆಲ್ಲ ಗಾತ್ರದಿಂದ, ದಪ್ಪದಿಂದ ಬರಬೇಕು. ಒತ್ತಕ್ಷರ ಸಾಲಿನ ಕೆಳಗಿಳಿಯುವುದರಿಂದ ಅಲ್ಲಿ ಜಾಗ ಬಿಡಬೇಕು. ‘ಗುರ್ ಗುರ್’ ಎಂಬುದನ್ನು ಕೂಡಿಸಿ ಬರೆದರೆ ‘ಗುರ್ಗುರ್’ ಆಗಿ ಕಣ್ಣು ಎಡವುತ್ತದೆ. ದೀರ್ಘದ ಚಿಹ್ನೆಯನ್ನು ಮಾತ್ರ ಬೇಕಾದಷ್ಟು ಎಳೆಯಬಹುದು: ‘ಕೀ’ ಎಂಬ ಬ್ರೇಕಿನ ಸದ್ದಿನ ಬಾಲ ರಸ್ತೆಯುದ್ದಕ್ಕೂ ಗಾಲಿಯ ಗೆರೆಯಾಗಿಯೇ ಹರಿಯಬಲ್ಲದು. ಕೈಬರಹ ಒಗ್ಗದವರಿಗೆ ‘ಬಲೂ ತಮ್ಮ’, ‘ಅಕಾಯಾ ಕನಡಕ’ದಂಥ ದಪ್ಪ, ಲವಲವಿಕೆಯ ಅಕ್ಷರಶೈಲಿಗಳು ಉಚಿತವಾಗಿ ಸಿಗುತ್ತವೆ.

ಸದ್ದು ಬರೆಯುವ ಅಭ್ಯಾಸವನ್ನು ಶಾಲೆಗಳಲ್ಲಿ ಇಂದೇ ಆರಂಭಿಸಬಹುದು. ಬನಹಟ್ಟಿಯ ಮಕ್ಕಳು ಮಗ್ಗದ ಸದ್ದನ್ನು, ಅನಗವಾಡಿಯ ಮಕ್ಕಳು ಹೊಳೆಯ ಸದ್ದನ್ನು ತಾವು ಕೇಳಿದಂತೆಯೇ ಬರೆಯಲಿ. ಸರಿ, ತಪ್ಪು ಎಂದು ತಿದ್ದುವ ಅಗತ್ಯವಿಲ್ಲದ ಬರವಣಿಗೆ ಇದು. ಕನ್ನಡದ ಚಿತ್ರಕಥೆಗೆ ಬೇಕಾದ ಸದ್ದುಗಳು ಹುಟ್ಟಬೇಕಾದದ್ದು ಇಂಥ ಕಿವಿಗಳಿಂದಲೇ.